ಕಾದ ಕಲ್ಲಿನ ಸದ್ದು

ನನ್ನ ಚಿಕ್ಕಪ್ಪನ ಮಗಳು ಸೈಮಿ ತಾಂಪೆರೆ ಊರಲ್ಲಿ ಟ್ರಾಮ್ ಓಡಿಸುತ್ತಾಳೆ. ವಯಸ್ಸು ಇಪ್ಪತ್ತನಾಲ್ಕು. ಎರಡು ವರ್ಷದಿಂದ ಅವಳ ಕಿವಿಯೊಳಗೆ ಗುಂಯ್ ಎನ್ನುತ್ತಿದ್ದ ಶಬ್ದ ಕಳೆದ ಚಳಿಗಾಲದಲ್ಲಿ ಕೀರಲಾಗಿ, ನಿದ್ದೆಯನ್ನೂ ಕಿತ್ತುಕೊಂಡಿತು. ಹೊಂದಿಕೊಂಡು ಹೋಗಬೇಕು ಎಂದರು ಡಾಕ್ಟರು. ನಮ್ಮ ಫಿನ್‌ಲೆಂಡಿನ ಜನಕ್ಕೋ ಎಲ್ಲ ಕಾಯಿಲೆಗೂ ಮೌನವೇ ಮದ್ದು. ಮನೆಯವರೆಲ್ಲ ಸೇರಿ ಅವಳನ್ನು ಹೆಲ್ವಿ ಅಜ್ಜಿಯ ಸರೋವರದ ದಡದ ಮನೆಗೆ ಸಾಗಹಾಕಿದೆವು. ಅಜ್ಜಿ ಮೊಮ್ಮಗಳಿಗಾಗಿ ಗೋಡೆ ಗಡಿಯಾರವನ್ನೂ ನಿಲ್ಲಿಸಿದ್ದಳು.

ಶನಿವಾರ ನಾನು ಹೋದಾಗ ಸೈಮಿಯ ಕಣ್ಣು ಗುಳಿಬಿದ್ದಿತ್ತು.

"ಸ್ವಲ್ಪನಾದ್ರೂ ನಿದ್ದೆ ಬಂತೇನೇ?" ಎಂದೆ.

"ಇಲ್ಲಿ ಬೇರೇನೂ ಕೇಳ್ಸಲ್ವಲ್ಲಕ್ಕ, ಅದೊಂದೇ ಕೇಳ್ಸುತ್ತೆ. ಅಜ್ಜಿ ಬೇಜಾರು ಮಾಡ್ಕೋತಾಳೆ ಅಂತ ಸುಮ್ನಿದೀನಿ."

ಸಂಜೆ ಮೂವರೂ ಸೌನಾದ ಹಬೆಕೋಣೆಯಲ್ಲಿ ಕೂತೆವು. ಅಜ್ಜಿ ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಸುರಿದಳು. ಚುಂಯ್ ಎಂದು ಹಬೆ ಎದ್ದಿತು. ಬಿಗಿದಿದ್ದ ಸೈಮಿಯ ಹೆಗಲು ಇಳಿಯಿತು.

"ಈಗ ಕಿವೀಲಿ ಇಲ್ಲ," ಎಂದಳು. ಕಲ್ಲಿನ ಸದ್ದಡಗಿತು. "ಮತ್ತೆ ಬಂತು."

ಅಜ್ಜಿ ಅವಳ ಮುಖವನ್ನೇ ನೋಡಿದಳು. ಇನ್ನೊಂದು ಸೌಟು ಸುರಿದಳು. ಸುರಿಯುತ್ತಲೇ ಹೋದಳು. ಶಾಖ ತಾಳಲಾರದೆ ನಾನು ಹೊರಗೆ ಬಂದು ನೀರಿನ ಹತ್ತಿರ ಕೂತೆ. ಅಲ್ಲಿಗೂ ಆ ಚುಂಯ್ ಕೇಳುತ್ತಿತ್ತು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅಜ್ಜಿ ಕೆಂಪಗೆ ಬೆಂದು, ಗೋಡೆ ಹಿಡಿದು ನಿಂತಿದ್ದಳು. ಖಾಲಿ ಬಕೆಟ್ಟನ್ನು ನನ್ನ ಕಡೆ ಚಾಚಿದಳು.

"ಬೇಗ ತುಂಬ್ಕೊಂಡು ಬಾ. ಒಳಗೆ ಕಲ್ಲಿನ ಸದ್ದು ನಿಂತೋಗಿದೆ."