ಕುಡುಗೋಲು ಮಸೆದ ಶಾಸನ

ನಮ್ಮ ಹಿತ್ತಲಲ್ಲಿ ಒಂದು ಶಾಸನದ ಕಲ್ಲಿದೆ. ಮುಳಬಾಗಿಲಿನಿಂದ ನಂಗಲಿಗೆ ಹೋಗುವ ಹೆದ್ದಾರಿ ಬಿಟ್ಟು ಒಳಗೆ, ಲಾರಿಗಳ ಸದ್ದು ಕನಸಿನಲ್ಲಿ ಕೇಳಿದಂತೆ ಕೇಳುವಷ್ಟು ದೂರದ ಊರು ನಮ್ಮದು. ಕಲ್ಲು ಹುಣಸೆ ಮರದ ಕೆಳಗೆ ಎಮ್ಮೆ ಮಲಗಿದ ಹಾಗೆ ಓರೆಯಾಗಿ ಬಿದ್ದಿದೆ.

ನನ್ನ ಮೊದಲ ನೆನಪೇ ಆ ಕಲ್ಲಿನ ಸದ್ದು. ರಾಗಿ ಕೊಯ್ಲು ಶುರುವಾಗೋ ಮುಂಚೆ ಬೀದಿಯ ಹೆಂಗಸರೆಲ್ಲ ಕುಡುಗೋಲು ತಂದು ಅಮ್ಮನ ಮುಂದೆ ಹಾಕೋರು. ಪಕ್ಕದ ಮನೆಯ, ಬಳೆ ಮಾರೋ ಸಾಬರ ಹೆಂಡತಿ, ನಾವೆಲ್ಲ ಚಿಕ್ಕಮ್ಮ ಅನ್ನೋ ಹಾಗೆ ಖಾಲಾ ಅಂತ ಕರೆಯುತ್ತಿದ್ದೆವು, ಅವರೂ ಮೇಕೆಗೆ ಸೊಪ್ಪು ಕೊಯ್ಯೋ ಕುಡುಗೋಲು ತರೋರು. ಅಮ್ಮ ಮಸೆದರೆ ಬರೋ ಹರಿತ ಬೇರೆ ಯಾರ ಕೈಗೂ ಬರುತ್ತಿರಲಿಲ್ಲ. ನೀರು ಚಿಮುಕಿಸಿ, ಕುಡುಗೋಲು ವಾರೆ ಹಿಡಿದು, ಸರ್ರ್... ಸರ್ರ್... ಮಾರ್ಗಶಿರದ ಮಂಜು, ಅವರೆಕಾಯಿಯ ಸೊಗಡು. ಅಮ್ಮನ ಬೆನ್ನಿಗೆ ಒರಗಿ ಕೂತರೆ ಆ ಸದ್ದು ಅವಳ ಬೆನ್ನಿನೊಳಗಿಂದ ಹಾದು ನನ್ನೊಳಗೆ ಇಳಿಯೋದು. ನಿದ್ದೆಯೋ ಎಚ್ಚರವೋ ನನಗೇ ತಿಳಿಯುತ್ತಿರಲಿಲ್ಲ.

"ಅಕ್ಷರ ಇರೋ ಕಡೆ ಕಲ್ಲು ಚೆನ್ನಾಗಿ ಕಚ್ತದೆ ಕಣೇ. ನುಣ್ಣಗಿರೋ ಕಡೆ ಜಾರ್ತದೆ," ಅನ್ನೋಳು. ಅದಕ್ಕೇ ಕೈಗೆ ಎಟುಕೋ ಕೆಳಗಿನ ಸಾಲುಗಳ ಮೇಲೇ ಮಸೆಯೋಳು. ವರ್ಷ ವರ್ಷ ಮಸೆದು ಮಸೆದು ಮೂರು ಸಾಲು ಮಾಯವಾದವು.

ಆಮೇಲೆ ನಾನು ಕೋಲಾರಕ್ಕೆ ಹೋಗಿ ಇತಿಹಾಸ ಓದಿದೆ. ಆಗಿನ ಇತಿಹಾಸ ಅಂದರೆ ಏನು ಮಹಾ? ರಾಜ, ಅವನಪ್ಪ, ಯುದ್ಧ, ದಾನ, ಇಸವಿ. ವಂಶಾವಳಿ ಗಿಣಿಪಾಠ ಒಪ್ಪಿಸಿದರೆ ಪಾಸು. ಶ್ರೀನಿವಾಸಪುರದಲ್ಲಿ ಹೈಸ್ಕೂಲು ಟೀಚರ್ ಆದ ಮೇಲಂತೂ ನನಗೆ ತಲೆಮೇಲೆ ಎರಡು ಕೊಂಬು. ಒಂದು ಸ್ಮರಣ ಸಂಚಿಕೆಗೆ ನಮ್ಮೂರಿನ ಇತಿಹಾಸ ಬರೆದುಕೊಡಿ ಅಂದರು. ಬರೆದೆ. "ಅಕ್ಷರ ಅರಿಯದವರ ಅಜ್ಞಾನದಿಂದ ದಾನಿಯ ಹೆಸರಿದ್ದ ಮೂರು ಸಾಲುಗಳು ನಾಶವಾಗಿವೆ" ಅಂತ ಠೀವಿಯಿಂದ ಬರೆದೆ. ಸಾಲದ್ದಕ್ಕೆ ಅಚ್ಚಾದ ಪುಸ್ತಕ ತಂದು ಅಮ್ಮನಿಗೇ ಓದಿ ಹೇಳಿದೆ.

"ಚೆನ್ನಾಗೈತೆ," ಅಂದು ಅಮ್ಮ ಎದ್ದು ಹೋಗಿ ಒಲೆ ಊದಿದಳು. ಒಲೆ ಉರೀತಾನೇ ಇತ್ತು.

ಆ ವರ್ಷದಿಂದ ನಮ್ಮ ಬೀದಿಯ ಕುಡುಗೋಲುಗಳು ಸಾಣೆ ಹಿಡಿಸೋಕೆ ನಂಗಲಿಗೆ ಹೋಗತೊಡಗಿದವು. "ಮಂಡಿ ನೋವು ಕಣೇ, ಕೂರೋಕಾಗಲ್ಲ," ಅಂದಳು ಅಮ್ಮ. ನಂಬಿದೆ. ದಡ್ಡಿ ನಾನು, ಶುದ್ಧ ದಡ್ಡಿ.

ಮಾಲೂರಿಗೆ ವರ್ಗವಾಯಿತು. ಅಷ್ಟರಲ್ಲಿ ಪಾಠವೂ ಬದಲಾಗಿತ್ತು. ರಾಜರ ಪುಟಗಳ ಸಂದಿಯಲ್ಲಿ ನೇಕಾರರು, ಉಳೋರು, ಹೆಂಗಸರು ಮೆಲ್ಲಗೆ ಬಂದು ಕೂತಿದ್ದರು. "ನಿಮ್ಮಜ್ಜಿ ಹತ್ತಿರ ಕೇಳಿ ಬರೆದುಕೊಂಡು ಬನ್ನಿ" ಅಂತ ಮಕ್ಕಳಿಗೆ ನಾನೇ ಹೋಂವರ್ಕ್ ಕೊಡುತ್ತಿದ್ದೆ. ನಮ್ಮಮ್ಮನನ್ನು ಮಾತ್ರ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳ್ತಾರಾ?

ನಿವೃತ್ತಿಯಾಗಿ ಅಮ್ಮನ ಜೊತೆ ಇದ್ದೆ. ಕಳೆದ ಮಾರ್ಗಶಿರದಲ್ಲಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಕಲ್ಲು ಹುಡುಕಿಕೊಂಡು ಬಂದಳು. ನಾನು ಗಂಟಲು ಸರಿಮಾಡಿಕೊಂಡು ರಾಜನಿಂದ ಶುರುಮಾಡಿದೆ. ಅವಳು ಮೊಬೈಲಿನ ಬೆಳಕನ್ನು ಪಕ್ಕದಿಂದ ಬಿಟ್ಟು, ಕೆಳಗಿನ ಸವೆದ ಜಾಗದ ಮೇಲೆ ಬೆರಳಾಡಿಸುತ್ತಾ ಕೇಳಿದಳು: "ಮೇಡಂ, ರಾಜರ ವಿಷಯ ಬೇಕಾದಷ್ಟು ಸಿಗುತ್ತೆ. ಈ ಗೀರುಗಳು ಯಾರವು?"

ಹಿತ್ತಲ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಕೈ ನಿಂತಿತು.

"ನಾಕೇಮೀ ತೆಲೀದಮ್ಮಾ," ಅಂದಳು, ತನಗೇನೂ ಗೊತ್ತಿಲ್ಲ ಅಂತ. ಅಮ್ಮ ಸುಳ್ಳು ಹೇಳೋದು ಯಾವಾಗಲೂ ತೆಲುಗಿನಲ್ಲೇ. ಆಮೇಲೆ ಕನ್ನಡದಲ್ಲಿ, "ನಾನು ಆ ಕಲ್ಲು ಮುಟ್ಟೋದೇ ಇಲ್ಲ. ಅವಳನ್ನ ಕೇಳು. ಬರೆದೋಳು ಅವಳು," ಅಂದಳು.

ಅಯ್ಯೋ ದೇವರೇ. ನನ್ನ ಒಂದು ವಾಕ್ಯವನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದಳು. ನಾಚಿಕೆಯಿಂದ ಸತ್ತೇ ಹೋದೆ. ಸೂರಿಗೆ ಸಿಕ್ಕಿಸಿದ್ದ ತುಕ್ಕು ಕುಡುಗೋಲು ತಂದು ಅವಳ ಮುಂದೆ ಇಟ್ಟು, "ತಪ್ಪಾಯ್ತಮ್ಮ. ಹೆಂಗೆ ಮಸೀತಿದ್ದೆ ತೋರ್ಸು," ಅಂದೆ.

"ಹುಚ್ಚಾ ನಿಂಗೆ? ಪೊಲೀಸ್ನೋರು ಹಿಡ್ಕೊಂಡೋಗ್ತಾರೆ!"

ಹುಡುಗಿ ನಕ್ಕಳು. "ಕುಡುಗೋಲು ಬೇಡ ಅಜ್ಜಿ, ಬರೀ ಕೈಯಲ್ಲಿ ತೋರಿಸಿ."

ಅಮ್ಮ ಅವರೆಕಾಯಿ ಮೊರ ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು ಹೋಗಿ ಅದರ ಮುಂದೆ ಕೂತಳು. ಮಂಡಿ ನೋವೂ ಇಲ್ಲ, ಮಣ್ಣೂ ಇಲ್ಲ. ಬರಿಗೈ ಗೀರಿನೊಳಗೆ ತಾನಾಗಿಯೇ ಹಿಂದೆ ಮುಂದೆ ಹೋಗತೊಡಗಿತು. ಮಂಜಿನಲ್ಲಿ ಹುಣಸೆ ಎಲೆಗಳು ಉದುರುತ್ತಿದ್ದವು. ಸದ್ದೇ ಇರಲಿಲ್ಲ, ಆದರೂ ನನಗೆ ಕೇಳಿಸಿತು. ಅವಳ ಬೆನ್ನಿಗೆ ಒರಗಿ ಕೂತುಬಿಡೋಣ ಅನ್ನಿಸಿತು. ಈ ವಯಸ್ಸಲ್ಲಿ!

"ಈ ವಾರೆ ಗೀರು ಖಾಲಾದು. ಎಡಗೈಯೋಳು, ಕುಡುಗೋಲೂ ಎಡಕ್ಕೇ ಬಗ್ಗಿತ್ತು," ಅಂದಳು ಅಮ್ಮ. "ಇದು ಮೂಲೆಮನೆಯೋಳ್ದು. ಬಾಣಂತಿ ಆದ ವರ್ಷ ತರ್ಲಿಲ್ಲ ಪಾಪ." ಹೀಗೇ ಒಂದೊಂದು ಗೀರಿನ ಮೇಲೂ ಬೆರಳಿಟ್ಟು ಓದುತ್ತಾ ಹೋದಳು. ಹುಡುಗಿಯ ಮೊಬೈಲು ಎಲ್ಲ ಕೇಳಿಸಿಕೊಂಡಿತು.

ಸಂಜೆ ಕೂತು ನಮ್ಮೂರಿನ ಇತಿಹಾಸ ಹೊಸದಾಗಿ ಬರೆದೆ. ಬೀದಿಯ ಹೆಂಗಸರು, ಕೊಯ್ಲು, ಅಮ್ಮನ ಕೈ, ಎಲ್ಲ ಬಂತು. ಓದಿ ಹೇಳಿದೆ. ಅಮ್ಮ ಕಣ್ಣು ಮುಚ್ಚಿ ಕೇಳಿದಳು.

"ಸಾಲು ಅಳಿಸಿದೋಳು ನಾನೇ ಅಂತ ಹಾಕಿದ್ದೀಯಾ?"

"ಹಾಕಿದ್ದೀನಮ್ಮ."

"ಅಜ್ಞಾನ ಅಂತ ಒಂದು ಮಾತಿತ್ತಲ್ಲ, ಅದೆಲ್ಲಿ?"

"ತೆಗೆದುಬಿಟ್ಟೆ."

"ತೆಗೀಬೇಡ, ಇರ್ಲಿ," ಅಂದಳು ಅಮ್ಮ. "ಯಾರ್ದು ಅಂತ ಮಾತ್ರ ಈ ಸಲ ಸರಿಯಾಗಿ ಬರಿ."