ಉಮಾದೇವಿ ಸಿಸ್ಟರ್ ನಕ್ಕು ಹೋದ ಮುಂಜಾನೆ

ಉಮಾದೇವಿ ಸೇಡಂ ಸೀಮೆಯ ಸರ್ಕಾರಿ ನರ್ಸ್. ಹದಿನಾಲ್ಕು ವರ್ಷ ಬಸ್ಸು, ಟಂಟಂ ಆಟೋ ಹಿಡಿದು ಹಳ್ಳಿಹಳ್ಳಿಗೆ ಓಡಾಡಿ ಹೆರಿಗೆ ಮಾಡಿಸಿದಾಕೆ. ೨೦೦೫ರಲ್ಲಿ ಹಳೆಯದೊಂದು ಸ್ಕೂಟಿ ಕೊಂಡಳು. ಅದೇ ವರ್ಷ ಗಂಡ ಮೊಬೈಲ್ ಕೊಡಿಸಿದ.

ಚಂದ್ರಂಪಳ್ಳಿಗೆ ಕೊಟ್ಟ ತಂಗಿ ಸೂಗಮ್ಮ ದಿನಾ ಮುಂಜಾನೆ ಫೋನ್ ಮಾಡುತ್ತಿದ್ದಳು. ತಲೆಗೆ ಬಿಗಿದ ಸ್ಕಾರ್ಫಿನೊಳಗೆ ಫೋನು ತುರುಕಿ ಉಮಾದೇವಿ ಹೊರಡುವಳು. ಎರಡೂ ಕೈ ಹ್ಯಾಂಡಲ್ ಮೇಲಿದ್ದರೆ ಸಾಕು ಎಂದುಕೊಂಡಿದ್ದಳು.

ಆ ದಿನವೂ ಹಾಗೇ. ಮಳಖೇಡದ ದಾರಿ, ತೊಗರಿ ಹೂ ಬಿಟ್ಟ ಕಾಲ.

"ಅಕ್ಕಾ, ಕೆರಿ ತುಂಬ್ಯಾದ. ನೀರ ಮ್ಯಾಲ ಮಂಜು ಮಲಗ್ಯಾದ. ಒಂದು ಬಿಳಿ ಹಕ್ಕಿ ಕಾಲೇ ಇಲ್ಲದಂಗ ನಿಂತದ ನೋಡು," ಎಂದಳು ಸೂಗಮ್ಮ.

ಉಮಾದೇವಿ ನೋಡಿದಳು. ರಸ್ತೆ ಕರಗಿತು. ತೊಗರಿಯ ಹಳದಿಯೆಲ್ಲ ನೀರಾಗಿ, ಸ್ಕೂಟಿ ಅದರ ಮೇಲೆ ಸದ್ದಿಲ್ಲದೆ ತೇಲಿತು. ಚಿಕ್ಕಂದಿನಲ್ಲಿ ಒಂದೇ ಕೌದಿ ಹೊದ್ದು ಪಿಸುಗುಟ್ಟಿದ ಹಾಗೆ ತಂಗಿಯ ದನಿ. ಅವಳು ನಕ್ಕಳು. ಎಚ್ಚರಾದಾಗ ಮಳಖೇಡದ ಆರೋಗ್ಯ ಕೇಂದ್ರದ ಬಾಗಿಲಲ್ಲಿದ್ದಳು. ಸಿಮೆಂಟ್ ಲಾರಿಗಳ ಸಾಲನ್ನು ಯಾವಾಗ ದಾಟಿದಳೋ, ನೆನಪೇ ಇರಲಿಲ್ಲ.

ಮಧ್ಯಾಹ್ನ ಮಾಸುಮಬಿ ಎಂಬ ಮುದುಕಿ ಬಂದಳು. ಆಕೆಯ ಸೊಸೆ ರಹೀಮಾ ದಿನ ತುಂಬಿದ ಬಸುರಿ, ಉಮಾದೇವಿಯೇ ನೋಡಿಕೊಳ್ಳುತ್ತಿದ್ದಳು.

"ಹೆಣ್ಣು ಹುಟ್ಯಾದರಿ ಸಿಸ್ಟರ್. ರಸ್ತಾದ ಬಾಜೂಕ, ಬಂಡಿಯೊಳಗ."

"ಅಯ್ಯ, ನನಗ್ಯಾಕ ಹೇಳಿ ಕಳಿಸಲಿಲ್ಲ?"

"ನೀವು ಬರೋ ರಸ್ತಾದಾಗೇ ನಿಂತಿದ್ದೆವ್ರಿ. ಎರಡೂ ಕೈ ಎತ್ತಿ, ಸಿಸ್ಟರ್ ಅಂತ ಒದರಿದೆ. ನೀವು ನನ್ನ ಮುಖಾನೇ ನೋಡಿ, ನಕ್ಕು ಹೋದ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಉಮಾದೇವಿಗೆ ಅದೇ ತಡೆಯಲಾಗಲಿಲ್ಲ. ಮುಂಜಾನೆ ಕಂಡ ಆ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ನೀರು, ಮಂಜು ಬಿಟ್ಟರೆ ಬೇರೇನೂ ಬರಲಿಲ್ಲ.

ಮುದುಕಿಯನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಕೂಡಲೇ ಅವರ ಮನೆಗೆ ಹೋದಳು. ಕೂಸು ಚೆನ್ನಾಗಿತ್ತು. ರಹೀಮಾಗೆ ಮಾತ್ರ ರಕ್ತ ನಿಂತಿರಲಿಲ್ಲ. ಜೀಪಿನಲ್ಲಿ ಸೇಡಂ ದವಾಖಾನೆಗೆ ಕರೆದೊಯ್ದು, ಮೂರು ದಿನ ಮಂಚದ ಬಳಿಯೇ ಕೂತಳು. ನಾಲ್ಕನೆಯ ದಿನ ರಹೀಮಾ ಎದ್ದು ಕೂತಾಗ ಉಮಾದೇವಿ ಹೇಳಿದಳು:

"ತಪ್ಪು ನಂದು, ಯವ್ವಾ. ಫೋನಿನಾಗ ಮಾತಾಡ್ಲಿಕತ್ತಿದ್ದೆ. ಕಣ್ಣು ತಕ್ಕೊಂಡೇ ಇದ್ದವು, ಖರೇ. ಆದ್ರ ನಾ ಅಲ್ಲಿ ಇರಲಿಲ್ಲ."

ರಹೀಮಾ ಕೂಸನ್ನು ಉಮಾದೇವಿಯ ತೊಡೆಯ ಮೇಲಿಟ್ಟಳು.

ಅಂದಿನಿಂದ ಗಾಡಿ ಶುರು ಮಾಡುವ ಮೊದಲು ಉಮಾದೇವಿ ಫೋನು ಬಂದ್ ಮಾಡಿ ಚೀಲದಲ್ಲಿ ಹಾಕುತ್ತಾಳೆ. ಸೂಗಮ್ಮ ಎಂಟು ದಿನ ಮುನಿಸಿಕೊಂಡಳು, ಆಮೇಲೆ ಸಂಜೆಗೆ ಮಾತಾಡತೊಡಗಿದಳು.

ಫೋನಿಲ್ಲದ ಮೊದಲ ಮುಂಜಾನೆ, ಮಳಖೇಡ ಮುಟ್ಟುವುದರೊಳಗೆ ಹದಿನೇಳು ಮಂದಿ ರಸ್ತೆ ಪಕ್ಕ ನಿಂತು "ಶರಣ್ರಿ ಸಿಸ್ಟರ್" ಎಂದು ಕೈ ಎತ್ತಿದರು. ಇಷ್ಟು ದಿನವೂ ಎತ್ತಿದ್ದರೇನೋ. ಉಮಾದೇವಿ ಒಬ್ಬೊಬ್ಬರ ಮುಖ ನೋಡುತ್ತ, ಮೆಲ್ಲಗೆ ಗಾಡಿ ಓಡಿಸಿದಳು.