ಖಾಲಿ ಮಂಜುಗಡ್ಡೆಯ ಮೇಲೆ ನಾನಿಟ್ಟ ಸೀಲ್‌ಗಳು

ನಾನು ಸುಳ್ಳು ಹೇಳುವವಳಲ್ಲ ಎಂಬುದೊಂದೇ ನನ್ನ ಬಗ್ಗೆ ನನಗಿದ್ದ ಹೆಮ್ಮೆ. ಮೈಸೂರಿನ ಕಾನ್ವೆಂಟಿನಲ್ಲಿ ಡಿಕ್ಟೇಷನ್ ಮುಗಿದ ಮೇಲೆ ಸಿಸ್ಟರ್ ಬೋರ್ಡಿನ ಮೇಲೆ ಸರಿಯಾದ ಪದಗಳನ್ನು ಬರೆದು, ನಮ್ಮ ನಮ್ಮ ಪುಸ್ತಕ ನಾವೇ ತಿದ್ದಿಕೊಳ್ಳಲು ಹೇಳಿ, ವರಾಂಡಕ್ಕೆ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಒಂದಕ್ಷರ ಸೇರಿಸಿಕೊಂಡರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಾನು ಸೇರಿಸಿಕೊಂಡವಳಲ್ಲ. ಅದೇ ಹುಡುಗಿ ಐವತ್ತನಾಲ್ಕನೆಯ ವಯಸ್ಸಿನಲ್ಲಿ, ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್‌ನ ಲೈಬ್ರರಿಯಲ್ಲಿ ಕುಳಿತು, ಇಲ್ಲದ ಸೀಲ್‌ಗಳನ್ನು ಇವೆ ಎಂದು ಬರೆದಳು.

ಮಗಳು ಓದಲು ಬೇರೆ ರಾಜ್ಯಕ್ಕೆ ಹೋದ ಮೇಲೆ ಅವಳ ಕೋಣೆಗೆ ಧಾರವಾಡದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಇಲ್ಲಿನ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು. ಬಂದ ದಿನವೇ ನನ್ನನ್ನು ಆಂಟಿ ಎಂದಳು.

"ಇಲ್ಲಿ ಅಂಗಡೀಲಿ ಸಿಕ್ಕೋರೂ ನನ್ನ ಆಂಟಿ ಅಂತಾರೆ. ನೀನಾದ್ರೂ ಬೇರೆ ಏನಾದ್ರೂ ಕರಿಯಮ್ಮ" ಎಂದೆ. ಅಂದಿನಿಂದ ಅಕ್ಕಾರ ಆದೆ.

ಅವಳ ಓದು ಸೀಲ್‌ಗಳದು. ಉತ್ತರದ ಕಡಲಲ್ಲಿ ಮಂಜುಗಡ್ಡೆಯ ಮೇಲೆಯೇ ಮರಿ ಹಾಕಿ ಹಾಲೂಡಿಸುವ ಕಡಲಪ್ರಾಣಿಗಳ ಜಾತಿ. ಕಡಲು ಬೆಚ್ಚಗಾದಂತೆ ಆ ಗಡ್ಡೆ ತೆಳುವಾಗಿ ಬೇಗ ಒಡೆಯುತ್ತಿದೆಯಂತೆ. ಹಾಗಾದರೆ ಅವು ಎಷ್ಟು ಉಳಿದಿವೆ ಎಂಬುದು ಅವಳ ಪ್ರಶ್ನೆ.

"ಎಣಿಸೋದು ಹೇಗೆ? ನಿಂತ್ಕೊಳ್ಳಿ ಅಂದ್ರೆ ನಿಂತ್ಕೋತಾವಾ?" ಎಂದು ನಾನು ನಕ್ಕೆ.

"ಎಣಸಾಕ ಆಗಂಗಿಲ್ರೀ ಅಕ್ಕಾರ, ಅಂದಾಜು ಮಾಡೂದು. ವಿಮಾನದಿಂದ ಫೋಟೋ ತಗೀತಾರ. ಅದರಾಗ ಕಂಡದ್ದಕ್ಕ ಮಂದಿ ಗುರ್ತು ಹಾಕ್ತಾರ. ನೀರಾಗ ಮುಳುಗಿದ್ದವು ಕಾಣಂಗಿಲ್ಲ, ಅದಕ್ಕ ಬ್ಯಾರೆ ಲೆಕ್ಕ. ಗುರ್ತು ಹಾಕಾಕ ಛಲೋ ಕಣ್ಣು ಬೇಕ್ರೀ. ನೀವು ಬ್ಯಾಳ್ಯಾಗ ಕಲ್ಲು ಆರಸೂದು ನೋಡೀನಿ. ಬರ್ರಿ ನನ್ನ ಕೆಲಸಕ್ಕ."

ಈ ದೇಶ ಇಪ್ಪತ್ತೈದು ವರ್ಷಗಳಲ್ಲಿ ನನಗೆ ಕೊಟ್ಟ ಮುಖ್ಯವಾದ ಕಾಗದಗಳಲ್ಲೆಲ್ಲ ನಾನು ಗಂಡನ ಡಿಪೆಂಡೆಂಟ್. ಅವಳು ತೆರೆದು ಕೊಟ್ಟ ಪರದೆಯ ಮೂಲೆಯಲ್ಲಿ ಮೊದಲ ಬಾರಿಗೆ 'ಅಬ್ಸರ್ವರ್ ಎರಡು' ಎಂದಿತ್ತು. ಅದನ್ನು ಫೋನಿನಲ್ಲಿ ಫೋಟೋ ತೆಗೆದು ಪಾರ್ಸಿಪನಿಯ ಆಫೀಸಿನಲ್ಲಿದ್ದ ಗಂಡನಿಗೆ ಕಳಿಸಿದೆ. ಅವರು ಆ ವಾರ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿನಲ್ಲಿ, ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ, "ನಮ್ಮನೆಯವಳು ಈಗ ಸೈಂಟಿಸ್ಟು ಕಣ್ರೀ, ಅಡುಗೆ ಕೇಳೋಕೂ ಅಪಾಯಿಂಟ್‌ಮೆಂಟ್ ತಗೋಬೇಕು" ಎಂದರು. ಎಲ್ಲರೂ ನಕ್ಕರು. ನನಗೆ ಖುಷಿಯಾಗಿತ್ತು.

ಅಬ್ಸರ್ವರ್ ಒಂದು ನಮ್ಮ ಎದುರುಮನೆಯ ಹಿರಿಯರು. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ನನ್ನನ್ನು 'ಯಂಗ್ ಲೇಡಿ' ಎನ್ನುತ್ತಿದ್ದರು. ಅವರ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ರತಿ ಮಂಗಳವಾರ ಬೆಳಗ್ಗೆ ಲೈಬ್ರರಿಯ ಎರಡು ಕಂಪ್ಯೂಟರುಗಳಲ್ಲಿ ನಾವಿಬ್ಬರೂ ಬೆನ್ನಿಗೆ ಬೆನ್ನು ಮಾಡಿ ಕೂರಬೇಕು. ಅದು ಹುಡುಗಿಯ ಕಟ್ಟಪ್ಪಣೆ.

"ಒಂದs ಫೋಟೋ ಇಬ್ಬರೂ ನೋಡಬೇಕು, ಒಬ್ಬರದು ಒಬ್ಬರು ಇಣುಕಿ ನೋಡಬಾರದು. ನೀವು ಕಂಡು ಅಜ್ಜಾರು ಬಿಟ್ಟದ್ದೆಷ್ಟು, ಅಜ್ಜಾರು ಕಂಡು ನೀವು ಬಿಟ್ಟದ್ದೆಷ್ಟು ಅಂತ ತಿಳದ್ರ, ಇಬ್ಬರೂ ಬಿಟ್ಟದ್ದೆಷ್ಟು ಇರಬೇಕು ಅನ್ನೂದು ಅಂದಾಜಿಗೆ ಸಿಗತೈತಿ" ಎಂದು ಕೈಬೆರಳು ಮಡಿಸಿ ಹೇಳಿಕೊಟ್ಟಿದ್ದಳು.

ಅವರು ಬಹಳ ನಿಧಾನ. ಫೋಟೋವನ್ನು ಎಡದಿಂದ ಬಲಕ್ಕೆ, ಸಾಲು ಸಾಲಾಗಿ ನೋಡುತ್ತಿದ್ದರು. ಅಷ್ಟು ಸಾಲದೆಂದು ಜೇಬಿನಿಂದ ಭೂತಗನ್ನಡಿ ತೆಗೆದು ಪರದೆಗೆ ಹಿಡಿಯುತ್ತಿದ್ದರು. ಗಂಟೆಗೆ ನನ್ನ ಅರ್ಧದಷ್ಟೂ ಮುಗಿಸುತ್ತಿರಲಿಲ್ಲ. ನಾನು ಅವರಿಗೆ ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ ಒಯ್ಯುತ್ತಿದ್ದೆ. ಡಬ್ಬಿ ಮೊದಲ ಸಲ ವಾಪಸು ಕೊಟ್ಟಾಗ, ನಮ್ಮಲ್ಲಿ ಯಾರದೇ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ, ಒಂದು ಚಮಚ ಸಕ್ಕರೆಯಾದರೂ ಹಾಕುತ್ತೇವೆ ಎಂದು ಮಾತಿಗೆ ಹೇಳಿದ್ದೆ. ಆಮೇಲೆ ಪ್ರತಿ ಬಾರಿಯೂ ಡಬ್ಬಿಯ ತಳದಲ್ಲಿ ಎರಡು ಪೆಪ್ಪರ್‌ಮಿಂಟ್ ಇರುತ್ತಿದ್ದವು.

ಮೊದಲು ಬಂದದ್ದು ಹಳೆಯ ವರ್ಷಗಳ ಫೋಟೋಗಳು. ಬೆಳ್ಳಗಿನ ಗಡ್ಡೆಯ ಮೇಲೆ ಜೀರಿಗೆ ಚೆಲ್ಲಿದ ಹಾಗೆ ಸೀಲ್‌ಗಳು. ತಾಯಿಯ ಪಕ್ಕ ಮರಿ ಇದ್ದರೆ ಸಾಸಿವೆಯಷ್ಟು ಇನ್ನೊಂದು ಚುಕ್ಕೆ. ಗುರುತು ಹಾಕುತ್ತ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಆಮೇಲೆ ಕಳೆದ ವಸಂತದ ಫೋಟೋಗಳು ಬಂದವು. ಕರಿಯ ನೀರು, ಅಲ್ಲಲ್ಲಿ ಒಡೆದ ಗಡ್ಡೆ, ಗಡ್ಡೆಯ ಮೇಲೆ ಏನೂ ಇಲ್ಲ. ಕೆಳಗಿನ ಚೌಕದಲ್ಲಿ ಎಷ್ಟು ಕಂಡವು ಎಂದು ಬರೆಯಬೇಕು.

ಸೊನ್ನೆ ಒತ್ತಲು ನನ್ನ ಬೆರಳು ಬರಲಿಲ್ಲ.

ಇದನ್ನು ಹೇಗೆ ಹೇಳಲಿ! ನಮ್ಮ ಮನೆಯಲ್ಲಿ ಅಕ್ಕಿ ಡಬ್ಬಿಯನ್ನು ಪೂರ್ತಿ ಬರಿದು ಮಾಡುವುದಿಲ್ಲ. ತಳದಲ್ಲಿ ಒಂದು ಹಿಡಿ ಉಳಿಸಿ, ಅದರ ಮೇಲೆಯೇ ಹೊಸ ಅಕ್ಕಿ ಸುರಿಯಬೇಕು. 'ಅಕ್ಕಿ ಇಲ್ಲ' ಎಂದರೆ ಅಮ್ಮ ಬಾಯಿಗೆ ಹೊಡೆಯುತ್ತಿದ್ದಳು. 'ಅಕ್ಕಿ ತರಬೇಕು' ಎನ್ನಬೇಕು. ಇಲ್ಲ ಎಂದ ಮನೆಯಲ್ಲಿ ಅಸ್ತು ದೇವತೆಗಳು ಅಸ್ತು ಎಂದುಬಿಡುತ್ತಾರಂತೆ. ನ್ಯೂಜೆರ್ಸಿಯ ಪ್ಯಾಂಟ್ರಿಯಲ್ಲೂ ನನ್ನ ಡಬ್ಬಿಯ ತಳದಲ್ಲಿ ಹಿಡಿ ಅಕ್ಕಿ ಇದೆ. ಅದೂ ಅಲ್ಲದೆ ಹಿಂದಿನ ದಿನವಷ್ಟೇ ಹುಡುಗಿ, ಮರಿಗೆ ಈಜು ಬರುವ ಮೊದಲೇ ಗಡ್ಡೆ ಒಡೆದರೆ ಏನಾಗುತ್ತದೆಂದು ಊಟದ ನಡುವೆ ಹೇಳಿದ್ದಳು. ಫೋಟೋದ ಅಂಚಿನಲ್ಲಿ ನೆರಳೋ ತೂತೋ ತಿಳಿಯದ ಒಂದು ಕಪ್ಪು ಕಂಡಿತು. ಇರಲಿ, ಒಂದಾದರೂ ಇರಲಿ ಎಂದು ಗುರುತು ಹಾಕಿ ಒಂದು ಎಂದು ಬರೆದೆ. ಮುಂದಿನದಕ್ಕೂ ಹಾಗೆಯೇ. ಆಮೇಲೆ ಕಪ್ಪು ಕಾಣದಿದ್ದರೂ ಹಾಕಿದೆ.

ಪದ್ಧತಿಯ ಮೇಲೆ ಎಲ್ಲವನ್ನೂ ಹೊರಿಸಿದರೆ ಅದೂ ಸುಳ್ಳೇ. ವಾರದ ಕೊನೆಯಲ್ಲಿ ಹುಡುಗಿ ನನ್ನ ಪಟ್ಟಿ ನೋಡಿ, "ಅಕ್ಕಾರ, ಹದ್ದಿನ ಕಣ್ಣು ನಿಮ್ಮದು!" ಎನ್ನುತ್ತಿದ್ದಳು. ಆ ಮಾತು ಮತ್ತೆ ಕೇಳಬೇಕು ಎಂಬ ಆಸೆ ಇತ್ತು.

ಜನವರಿಯ ಒಂದು ಬೆಳಗ್ಗೆ ಅವಳು ಉಪ್ಪಿಟ್ಟು ತಿನ್ನುತ್ತ ಲ್ಯಾಪ್‌ಟಾಪ್ ನೋಡಿ ಹುಬ್ಬು ಗಂಟಿಕ್ಕಿದಳು.

"ಅಜ್ಜಾರಿಗೆ ಯಾಕೋ ಕಾಣವಲ್ದು ಅನಸ್ತೈತ್ರಿ. ಹಳೇ ಫೋಟೋದಾಗ ಇಬ್ಬರದೂ ಕೂಡತಿತ್ತು. ಈಗ ನೀವು ಕಂಡಲ್ಲೆಲ್ಲ ಅವರು ಸೊನ್ನಿ ಬರದಾರ."

ಆಗ ಹೇಳಬಹುದಿತ್ತು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು, ಅದನ್ನು ಇಳಿಸುವ ನೆಪದಲ್ಲಿ ಆ ಕಡೆ ತಿರುಗಿ, ನಾನು ಆಡಿದ ಮಾತು ಇದು: "ವಯಸ್ಸಾಯ್ತಲ್ಲಮ್ಮ, ಪಾಪ."

ಅವಳು ಅವರಿಗೆ ತುಂಬ ಮರ್ಯಾದೆಯಿಂದಲೇ ಹೇಳಿದಳಂತೆ, ಕಣ್ಣಿಗೆ ಆಯಾಸವಾಗುತ್ತಿದೆ, ಸ್ವಲ್ಪ ದಿನ ಬಿಡಿ ಎಂದು. ಮುಂದಿನ ಮಂಗಳವಾರ ನನ್ನ ಬೆನ್ನ ಹಿಂದಿನ ಕುರ್ಚಿ ಖಾಲಿ ಇತ್ತು. ಆ ದಿನದ ಕೋಡುಬಳೆಯನ್ನು ಅವರ ಬಾಗಿಲ ಬಳಿ ಇಟ್ಟು, ಬೆಲ್ ಕೂಡ ಮಾಡದೆ ಬಂದೆ.

ಎದುರುಮನೆಯ ಕಾರು ನನ್ನ ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ. ಸ್ನೋ ಬಿದ್ದಾಗ ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಗಾಜು ಕೆರೆದು ಹೊರಡುವವರು ಅವರೇ. ಭಾನುವಾರ ಹೆಂಡತಿಯ ಸಮಾಧಿಗೆ ಹೋಗುವುದು ಒಂದು ವಾರವೂ ತಪ್ಪುತ್ತಿರಲಿಲ್ಲ. ಈಗ ಆ ಕಾರಿನ ಮೇಲೆ ಸ್ನೋ ಹಾಗೇ ಕೂತಿತ್ತು. ಕರಗಿತು, ಗಟ್ಟಿಯಾಯಿತು, ಅದರ ಮೇಲೆ ಮತ್ತೆ ಬಿತ್ತು. ಚಕ್ರದ ಗುರುತು ಒಂದೂ ಇಲ್ಲ. ಪಾತ್ರೆ ತೊಳೆಯುತ್ತ ದಿನಾ ನೋಡಿದೆ. ದಿನಾ ಏನೋ ನೆಗಡಿಯಿರಬೇಕು ಎಂದುಕೊಂಡೆ.

ಫೆಬ್ರವರಿಯ ಕೊನೆಯಲ್ಲಿ ಅವರೇ ಬಾಗಿಲು ತಟ್ಟಿ, ಲೈಬ್ರರಿಗೆ ಪುಸ್ತಕ ಹಿಂತಿರುಗಿಸಬೇಕು, ಕರೆದೊಯ್ಯುವೆಯಾ ಎಂದು ಕೇಳಿದರು.

"ನಿಮ್ಮ ಕಾರು ಕೆಟ್ಟಿದೆಯೇ?"

"ಕಾರು ಚೆನ್ನಾಗಿದೆ. ಕೆಟ್ಟಿರುವುದು ನಾನು." ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ ನಕ್ಕರು. "ಬಿಳಿಯ ಮೇಲಿನ ಕರಿಯದು ಕಾಣದವನಿಗೆ ರಸ್ತೆಗೆ ಅಡ್ಡ ಬರುವ ಮಗು ಕಾಣುತ್ತದೆಯೇ? ಕಣ್ಣಿನ ಡಾಕ್ಟರ ಬಳಿ ಮಾರ್ಚಿಗೆ ಅಪಾಯಿಂಟ್‌ಮೆಂಟ್ ಇದೆ. ಅಲ್ಲಿಯವರೆಗೆ ಕೀಲಿ ಮುಟ್ಟುವುದಿಲ್ಲ."

ನಾನು ಸಿಗ್ನಲ್ಲನ್ನೇ ನೋಡುತ್ತಿದ್ದೆ. ಅವರು ಮಾತಾಡುತ್ತ ಹೋದರು. ಬಸ್ಸಿನಲ್ಲಿ ಕೊನೆಯ ಮಗು ಇಳಿದ ಮೇಲೆ ಡ್ರೈವರ್ ಹಿಂದಿನ ಸೀಟಿನವರೆಗೆ ನಡೆದು ಹೋಗಿ, ಪ್ರತಿ ಸೀಟಿನ ಕೆಳಗೂ ಬಗ್ಗಿ ನೋಡಿ, ಯಾವ ಮಗುವೂ ನಿದ್ದೆ ಹೋಗಿ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಹಿಂದಿನ ಕಿಟಕಿಗೆ 'ಖಾಲಿ' ಎಂಬ ಫಲಕ ತೂಗುಹಾಕಬೇಕಂತೆ.

"ಮೂವತ್ತು ವರ್ಷ ಆ ಫಲಕ ಹಾಕಿದ್ದೇನೆ, ಯಂಗ್ ಲೇಡಿ. ನೋಡದೆ ಒಂದು ದಿನವೂ ಹಾಕಿಲ್ಲ. ಆ ಫೋಟೋಗಳನ್ನೂ ಹಾಗೆಯೇ ನೋಡಿದೆ. ಖಾಲಿ ಎಂದು ಪ್ರಮಾಣ ಮಾಡುವಷ್ಟು ನೋಡಿದೆ. ಆದರೂ ಅಲ್ಲಿ ಸೀಲ್ ಇದ್ದವಂತೆ. ಹಾಗಾದರೆ ಬಸ್ಸಿನಲ್ಲಿ..." ಕಿಟಕಿಯ ಕಡೆ ತಿರುಗಿದರು.

ಅವರ ಮಡಿಲಲ್ಲಿದ್ದದ್ದು ದೊಡ್ಡಕ್ಷರದ ಪುಸ್ತಕಗಳು. ಆಗಲೂ ನಾನು ಹೇಳಲಿಲ್ಲ. ಪಾರ್ಕಿಂಗಿನಲ್ಲಿ ಅವರು ಇಳಿಯುವಾಗ ಕೈ ಹಿಡಿದುಕೊಂಡೆ, ಅವರಿಗೆ ನಿಜವಾಗಿಯೂ ಕಣ್ಣು ಕಾಣದೇನೋ ಎಂಬಂತೆ.

ಮನೆಗೆ ಬಂದಾಗ ಹುಡುಗಿ ಅಡುಗೆಮನೆಯಲ್ಲಿ ಝುಣಕಕ್ಕೆ ಕಡಲೆಹಿಟ್ಟು ಕಲಸುತ್ತಿದ್ದಳು. ಕೋಟು ಕೂಡ ಬಿಚ್ಚದೆ ಹೇಳಿಬಿಟ್ಟೆ. ಅಕ್ಕಿ ಡಬ್ಬಿಯ ವಿಷಯಕ್ಕೆ ಬಂದಾಗ ಅವಳಿಗೆ ನಗು ಬಂತು.

"ಅಯ್ಯ ಅಕ್ಕಾರ, ಉತ್ತರ ಧ್ರುವ ಅಂದ್ರ ನಿಮ್ಮ ಅಕ್ಕಿ ಡಬ್ಬಿ ಅನ್ಕೊಂಡ್ರೇನ್ರೀ?" ಎಂದವಳು ಅರ್ಧದಲ್ಲೇ ನಿಂತಳು. ಕೈಯ ಹಿಟ್ಟನ್ನು ನಲ್ಲಿಯ ಕೆಳಗೆ ತೊಳೆದುಕೊಂಡಳು. ಒರೆಸಿಕೊಂಡಳು. "ನೀವು ಹಾಕಿದ್ದು ಒಂದs ಆಗಿ ಉಳಿಯಂಗಿಲ್ರೀ. ನೀವು ಕಂಡದ್ದನ್ನ ಅಜ್ಜಾರು ಬಿಟ್ಟಾರ ಅಂತ ಲೆಕ್ಕ ನಂಬತು. ಇಷ್ಟು ಬಿಡೋರು ಉಳಿದದ್ದರಾಗ ಎಷ್ಟು ಬಿಟ್ಟಿರಬೇಕು ಅಂತ, ಎಲ್ಲಾ ಫೋಟೋಕ್ಕೂ ಕಾಣದಿದ್ದ ಸೀಲ್ ಸೇರಿಸ್ಕೋತ ಹೋತು. ನಮ್ಮ ಗೈಡ್ ಮೇಡಂಗೆ ಈ ವಾರ ತೋರಸೋಳಿದ್ದೆ, ಭಾಳ ಅದಾವ್ರೀ ಅಂತ. ಭಾಳ ಅದಾವ ಅಂದ್ರ ಅವುಗಳ ಚಿಂತಿ ಯಾರು ಮಾಡ್ತಾರ್ರೀ?"

ನಾನು ಕರುಣೆ ಎಂದುಕೊಂಡು ಇಟ್ಟ ಒಂದು ಹಿಡಿಯಿಂದ ಅವಕ್ಕೆ ಬರಬೇಕಾದ ಕಾಳಜಿಯೇ ತಪ್ಪುತ್ತಿತ್ತು.

"ಅಜ್ಜಾರಿಗೆ ನೀವs ಹೇಳ್ರಿ" ಎಂದಳು. "ಅವರಿಗೆ ಕೆಲಸ ಬಿಡ್ರಿ ಅಂದಾಕಿ ನಾನು. ನಂದೂ ತಪ್ಪೈತಿ. ಆದ್ರ ಇದು ನೀವs ಹೇಳೂ ಮಾತು."

ರಸ್ತೆ ದಾಟುವಾಗ ಕಾನ್ವೆಂಟ್ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡಿದ್ದೆ. ಅವರು ಬಾಗಿಲು ತೆಗೆದಾಗ ಒಂದೂ ಬರಲಿಲ್ಲ. "ಅವು ಖಾಲಿಯೇ. ನೀವು ಸರಿಯಾಗಿಯೇ ನೋಡಿದ್ದಿರಿ. ಸೀಲ್‌ಗಳನ್ನು ಇಟ್ಟವಳು ನಾನು. ಗೊತ್ತಿದ್ದೂ ಸುಮ್ಮನಿದ್ದೆ" ಎಂದೆ.

ಅವರು ಕನ್ನಡಕ ತೆಗೆದು ಸ್ವೆಟರಿನ ಅಂಚಿನಿಂದ ಒರೆಸಿದರು. ಎರಡೂ ಗಾಜು. ಆಮೇಲೆ ಮತ್ತೆ ಮೊದಲನೆಯದು.

"ಎಲ್ಲವೂ ಖಾಲಿಯೇ?"

"ನೀವು ಸೊನ್ನೆ ಬರೆದದ್ದೆಲ್ಲ."

"ಆರು ಭಾನುವಾರ" ಎಂದರು. "ಆರು ಭಾನುವಾರ ನಾನು ಅವಳ ಹತ್ತಿರ ಹೋಗಿಲ್ಲ."

ಬೈದಿದ್ದರೆ ಕೈಮುಗಿದು ನಿಲ್ಲುತ್ತಿದ್ದೆ. ಅವರು ಕೋಟು ಹಾಕಿಕೊಂಡು, ಬಾಗಿಲ ಹಿಂದಿದ್ದ ಬ್ರಷ್ ತೆಗೆದುಕೊಂಡು ಕಾರಿನ ಬಳಿ ಹೋದರು. ಗಾಜಿನ ಮೇಲೆ ಕಲ್ಲಿನಂತಾಗಿದ್ದ ಸ್ನೋ ಕೆರೆಯತೊಡಗಿದರು. ಕೊಡಿ, ನಾನು ಮಾಡುತ್ತೇನೆ ಎಂದೆ. "ಬೇಡ, ಥ್ಯಾಂಕ್ಯೂ" ಎಂದರು. ಯಂಗ್ ಲೇಡಿ ಎನ್ನಲಿಲ್ಲ.

ನನ್ನ ಗುರುತುಗಳನ್ನೆಲ್ಲ ಹುಡುಗಿ ಅಳಿಸಿದಳು. ಆ ಫೋಟೋಗಳನ್ನು ನಾನು ಮತ್ತೆ ಮೊದಲಿನಿಂದ ನೋಡುತ್ತಿದ್ದೇನೆ; ನಾನು ನೋಡಿದ್ದನ್ನು ಮೂರನೆಯವರೊಬ್ಬರು ಮತ್ತೆ ನೋಡುತ್ತಾರೆ. ಅದು ನ್ಯಾಯವೇ. ಈಗ ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಹೋಗುತ್ತೇನೆ. ಮೊದಲ ಸೊನ್ನೆ ಒತ್ತುವ ಮುನ್ನ ಆ ಫೋಟೋವನ್ನು ಮೂರು ಸಲ ನೋಡಿದೆ. ಎರಡನೆಯದಕ್ಕೂ ಹಾಗೆಯೇ. ಅಂದಾಜು ಎಷ್ಟಕ್ಕೆ ಇಳಿಯಿತೋ ನಾನು ಕೇಳಿಲ್ಲ. ಕೇಳುವ ಮುಖ ನನಗಿಲ್ಲ.

ಹುಡುಗಿ ಕ್ಷಮೆ ಕೇಳಿ ಕರೆದ ಮೇಲೆ ಅವರು ಮಂಗಳವಾರಗಳಿಗೆ ವಾಪಸು ಬಂದರು. ಗುಡ್ ಮಾರ್ನಿಂಗ್ ಎನ್ನುತ್ತಾರೆ, ನನ್ನ ಬೆನ್ನಿಗೆ ಬೆನ್ನು ಮಾಡಿ ಕೂರುತ್ತಾರೆ.

ಹಿಂದೆ ಅವರ ಬಾಗಿಲಲ್ಲಿ ಇಟ್ಟುಬಂದಿದ್ದ ಸ್ಟೀಲ್ ಡಬ್ಬಿ ಕಳೆದ ವಾರ ನಮ್ಮ ಮೆಟ್ಟಿಲ ಮೇಲೆ ಕೂತಿತ್ತು. ತೊಳೆದು, ಒರೆಸಿ, ಮುಚ್ಚಳ ಬಿಗಿಯಾಗಿ ಹಾಕಿದ್ದರು. ಅಲ್ಲಾಡಿಸಿದೆ, ಸದ್ದಿಲ್ಲ. ಒಳಗೆ ತಂದು ಕಿಟಕಿಯ ಬೆಳಕಿಗೆ ಹಿಡಿದು ತೆರೆದೆ, ತಳವನ್ನು ಸುತ್ತಲೂ ನೋಡಿದೆ, ಮುಚ್ಚಳದ ಒಳಮೈ ಕೂಡ ತಿರುಗಿಸಿ ನೋಡಿದೆ. ಮರೆತರೋ, ಬೇಕೆಂದೇ ಹಾಗೆ ಕೊಟ್ಟರೋ, ನನಗೆ ಗೊತ್ತಿಲ್ಲ. ಅದರಲ್ಲಿ ಏನೂ ಇರಲಿಲ್ಲ.